ತೋಡಿನ ದಂಡೆಯ ಕೇದಗೆ

ಕರಾವಳಿಯ ತೋಡು, ಹೊಳೆ, ಗದ್ದೆಯಂಚಿನ ಜೌಗಿನಲ್ಲಿ ಒತ್ತಾಗಿ ಬೆಳೆಯುವ ಈ ಮುಳ್ಳುಪೊದೆ ನಮ್ಮ ನೆಲದ್ದೇ. ಕಾಂಡದಿಂದ ಇಳಿದು ಕೆಸರಿಗೆ ಊರಿಕೊಂಡ ಬೇರುಗಳನ್ನು ಗಮನಿಸಿ. ಮಳೆಗಾಲದ ಸೆಳವಿಗೆ ದಂಡೆಯ ಮಣ್ಣು ಕೊಚ್ಚಿಹೋಗದಂತೆ ತಡೆಯುವುದು ಇವೇ. ಇವುಗಳ ಸಂದಿನಲ್ಲಿ ಏಡಿ, ಕಪ್ಪೆಗಳಿಗೆ ಆಸರೆ.

ಗಂಡು, ಹೆಣ್ಣು ಗಿಡಗಳು ಬೇರೆಬೇರೆ. ಪರಿಮಳವೆಲ್ಲ ಗಂಡುಗಿಡದ್ದು. ಹೆಂಗಸರು ಮುಡಿಯುವ, ನಾಗರ ಪಂಚಮಿಗೆ ನಾಗನಿಗೆ ಅರ್ಪಿಸುವ ಎಸಳುಗಳು ನಿಜಕ್ಕೂ ಹೂಗೊಂಚಲನ್ನು ಸುತ್ತಿಕೊಂಡ ತಿಳಿಹಳದಿ ಎಲೆಗಳು. ಬಡಗುತಿಟ್ಟಿನ ಯಕ್ಷಗಾನದಲ್ಲಿ ಅಭಿಮನ್ಯುವಿನಂಥ ಎಳೆಯ ವೀರರ ತಲೆಗೆ ಕಟ್ಟುವ ತಲೆಯುಡುಗೆಯ ಹೆಸರೂ ಕೇದಗೆ ಮುಂದಲೆ.

ಇದೇ ಬಳಗದ ಮುಂಡೇವಿನ ಎಲೆಯ ಕೆಲಸವನ್ನಂತೂ ನೋಡಿಯೇ ತಿಳಿಯಬೇಕು. ಅಂಚಿನ, ನಡುನರದ ಮುಳ್ಳು ಸವರಿ, ಬೆಂಕಿಯ ಮೇಲೆ ಬಾಡಿಸಿ, ಸುರುಳಿ ಸುತ್ತಿ ಕಡ್ಡಿ ಚುಚ್ಚಿದರೆ ಮೂಡೆ ಸಿದ್ಧ. ಅದರಲ್ಲಿ ಅಕ್ಕಿ, ಉದ್ದಿನ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸಿದ ಕಡುಬಿಗೆ ಎಲೆಯ ಘಮವೇ ಜೀವ. ತುಳುನಾಡಿನ ಕೃಷ್ಣಾಷ್ಟಮಿಗೆ ಅದು ಬೇಕೇ ಬೇಕು. ಒಣಗಿಸಿ ಸೀಳಿದ ಎಲೆಯಿಂದ ಚಾಪೆ ಹೆಣೆಯುತ್ತಾರೆ.

ತೋಡಿಗೆ ಕಾಂಕ್ರೀಟ್ ಗೋಡೆ ಕಟ್ಟುವಾಗ ಕೇದಗೆಯ ಪೊದೆಯನ್ನು ಕಡಿದುಹಾಕುವುದು ದುಃಖದ ಸಂಗತಿ. ದಂಡೆ ಕಾಯುವ ಕೆಲಸವನ್ನು ಇದು ಖರ್ಚಿಲ್ಲದೆ ಮಾಡುತ್ತದೆ. ಬುಡದ ಕವಲನ್ನು ಕಿತ್ತು ತೇವದ ಮಣ್ಣಿನಲ್ಲಿ ನೆಟ್ಟರೆ ಸಾಕು, ಬೇರು ಬಿಡುತ್ತದೆ.