ತುಮಕೂರು ರಸ್ತೆಗೆ ಬಂದ ಜರ್ಮನ್ ಅಳತೆ

ಬೆಂಗಳೂರಿನ ವಾಯವ್ಯಕ್ಕೆ, ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲೇ ಹಬ್ಬಿರುವ ರಾಜಗೋಪಾಲನಗರದ ಓಣಿಗಳಲ್ಲಿ ವಾಸದ ಮನೆಗಳ ನಡುವೆಯೇ ಲೇತು, ಮಿಲ್ಲಿಂಗ್ ಮತ್ತು ಗ್ರೈಂಡಿಂಗ್ ಯಂತ್ರಗಳ ಸಣ್ಣ ಸಣ್ಣ ಶೆಡ್ಡುಗಳು ನಡೆಯುತ್ತವೆ. ದೊಡ್ಡ ಕಾರ್ಖಾನೆಯವರು ಡ್ರಾಯಿಂಗ್ ಕೊಟ್ಟು ಬಿಡಿಭಾಗಗಳನ್ನು ಹೊರಗೆ ಮಾಡಿಸಿಕೊಳ್ಳುವ ಪದ್ಧತಿಗೆ ಇಲ್ಲಿ ಜಾಬ್‌ವರ್ಕ್ ಎಂದು ಹೆಸರು. ಈ ಕಸುಬಿನ ಚರಿತ್ರೆಯನ್ನು ಸರ್ಕಾರಿ ವಸಾಹತು, ನಿವೇಶನ, ಸಾಲಸೌಲಭ್ಯಗಳ ಚರಿತ್ರೆಯಾಗಿ ಬರೆಯುವುದೇ ವಾಡಿಕೆಯಾಗಿದೆ. ಆದರೆ ಇಲ್ಲಿನ ಟರ್ನರು ಪಾಲಿಸುವ ಅಳತೆಯ ಶಿಸ್ತು ಎಲ್ಲಿಂದ ಬಂತೆಂದು ಹುಡುಕುತ್ತ ಹೋದರೆ, ಅದರ ಒಂದು ಕವಲು ಜರ್ಮನಿಯ ವೇಗದ ಕಾರುಗಳ ಎಂಜಿನ್ನಿನವರೆಗೂ ಹೋಗಿ ಮುಟ್ಟುತ್ತದೆ.

75 ಕಿಲೋ ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಮೇಲೆತ್ತುವ ಸಾಮರ್ಥ್ಯಕ್ಕೆ, ಅಂದರೆ ಸುಮಾರು 735 ವ್ಯಾಟಿಗೆ, ಜರ್ಮನ್ ಲೆಕ್ಕದಲ್ಲಿ ಒಂದು ಅಶ್ವಶಕ್ತಿ. ನಮ್ಮ ಮೆಕ್ಯಾನಿಕ್‌ಗಳು ಪಿಕಪ್ ಎನ್ನುವ ಗುಣ, ಅಂದರೆ ವಾಹನ ವೇಗವನ್ನು ಎಷ್ಟು ಬೇಗ ಏರಿಸಿಕೊಳ್ಳುತ್ತದೆ ಎಂಬುದು, ಈ ಶಕ್ತಿ ಎಷ್ಟು ತೂಕವನ್ನು ಎಳೆಯಬೇಕಾಗಿದೆ ಎಂಬುದರ ಮೇಲೆ ನಿಂತಿದೆ. ಶಕ್ತಿ ಹೆಚ್ಚಬೇಕಾದರೆ ಪ್ರತಿ ಸೆಕೆಂಡಿಗೆ ಹೆಚ್ಚು ಗಾಳಿ, ಹೆಚ್ಚು ಇಂಧನ ಉರಿಯಬೇಕು. ಸಿಲಿಂಡರನ್ನು ಹಿಗ್ಗಿಸಿ, ಎಂಜಿನ್ನನ್ನು ಜೋರಾಗಿ ತಿರುಗಿಸಿ, ಇಲ್ಲವೇ ಗಾಳಿಯನ್ನು ಒತ್ತಿ ತುಂಬಿ ಇದನ್ನು ಸಾಧಿಸಬಹುದಾದರೂ, ಪ್ರತಿ ಸಿಲಿಂಡರಿಗೂ ತಕ್ಕ ಪ್ರಮಾಣದ ಇಂಧನ ತಕ್ಕ ಗಳಿಗೆಗೆ ತಲುಪದಿದ್ದರೆ ಆ ಶ್ರಮವೆಲ್ಲ ಹೊಗೆಯಾಗಿ ಹೋಗುತ್ತದೆ. ಗಾಳಿಯ ಸೆಳೆತಕ್ಕೆ ಪೆಟ್ರೋಲನ್ನು ಬೆರೆಸಿ ಕಳಿಸುವ ಕಾರ್ಬ್ಯುರೇಟರಿಗೆ ಈ ಸಮಹಂಚಿಕೆ ಪೂರ್ತಿಯಾಗಿ ಒಲಿಯಲಿಲ್ಲ.

1954ರಲ್ಲಿ ಡೈಮ್ಲರ್-ಬೆಂಜ್ ಮಾರುಕಟ್ಟೆಗೆ ತಂದ ಮರ್ಸಿಡಿಸ್ 300 ಎಸ್ಎಲ್, ರೆಕ್ಕೆಯಂತೆ ಮೇಲಕ್ಕೆ ತೆರೆದುಕೊಳ್ಳುವ ಬಾಗಿಲುಗಳಿಂದ ಹೆಸರಾಯಿತು. ಆದರೆ ಅದರ ನಿಜವಾದ ಹೊಸತನ ಬಾನೆಟ್ಟಿನ ಕೆಳಗಿತ್ತು. 1952ರ ರೇಸಿಂಗ್ ಮಾದರಿಯಲ್ಲಿ ಕಾರ್ಬ್ಯುರೇಟರುಗಳಿಂದ ಸುಮಾರು 170 ಅಶ್ವಶಕ್ತಿ ಕೊಡುತ್ತಿದ್ದ ಮೂರು ಲೀಟರಿನ ಆರು ಸಿಲಿಂಡರ್ ಎಂಜಿನ್, ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಕ್ಕೇ ಚಿಮ್ಮಿಸುವ, ಜರ್ಮನಿಯ ಬಾಷ್ ಕಂಪನಿಯ ಪಂಪು ಸೇರಿದ ಮೇಲೆ 215 ಅಶ್ವಶಕ್ತಿ ಕೊಟ್ಟಿತು. ಎಂಜಿನ್ನಿನ ಗಾತ್ರ ಬೆಳೆಯಲಿಲ್ಲ, ಅಳತೆ ಸೂಕ್ಷ್ಮವಾಯಿತು. ಈ ವಿದ್ಯೆ ಹಿಂದಿನ ದಶಕಗಳ ಜರ್ಮನ್ ವಿಮಾನ ಎಂಜಿನ್ನುಗಳಿಂದ ಬಂದದ್ದು, ಅದಕ್ಕೂ ಹಿಂದೆ 1927ರಿಂದ ಬಾಷ್ ತಯಾರಿಸುತ್ತಿದ್ದ ಡೀಸೆಲ್ ಪಂಪಿನಿಂದ ಬೆಳೆದದ್ದು.

ಅದೇ 1954ರಲ್ಲಿ ಅದೇ ಡೈಮ್ಲರ್-ಬೆಂಜ್ ಕಂಪನಿಯ ಸಹಯೋಗದಲ್ಲಿ ಜಮ್ಶೆಡ್‌ಪುರದ ಟಾಟಾ ಕಾರ್ಖಾನೆಯಿಂದ ಮೊದಲ ಲಾರಿಗಳು ಹೊರಬಂದವು. ಶ್ರೀಮಂತರ ಕಾರಿಗೂ ದೇಶದ ಸರಕು ಹೊರುವ ಲಾರಿಗೂ ಹೃದಯಸ್ಥಾನದಲ್ಲಿ ಒಂದೇ ವಂಶದ ಪಂಪು ಇತ್ತೆಂಬುದನ್ನು ವಾಹನಗಳ ಚರಿತ್ರೆ ಬರೆಯುವವರು ಗಮನಿಸುವುದು ಕಡಿಮೆ. ಆ ಪಂಪನ್ನು ಭಾರತದಲ್ಲಿ ತಯಾರಿಸಲು 1951ರಲ್ಲಿ ಬಾಷ್ ಸಹಯೋಗದೊಂದಿಗೆ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಹೂಡಿ, ಮೈಕೋ ಎಂಬ ಹೆಸರಿನಿಂದ ಮನೆಮಾತಾಯಿತು. 2008ರಲ್ಲಿ ಅದು ಬಾಷ್ ಲಿಮಿಟೆಡ್ ಆದರೂ ಹಳೆಯ ಲಾರಿ ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಮೈಕೋ ಪಂಪಾಗಿಯೇ ಉಳಿದಿದೆ.

ಆ ಪಂಪನ್ನು ಬಿಚ್ಚಿ ನೋಡಿದವರಿಗೆ ಈ ವಿದ್ಯೆಯ ಸೂಕ್ಷ್ಮ ಅರ್ಥವಾಗುತ್ತದೆ. ಮೆಕ್ಯಾನಿಕ್‌ಗಳು ಎಲಿಮೆಂಟ್ ಎನ್ನುವ ಜೋಡಿಯಲ್ಲಿ, ಬೆರಳಿಗಿಂತ ತೆಳ್ಳಗಿನ ಪ್ಲಂಜರ್ ಎಂಬ ಉಕ್ಕಿನ ಸರಳು ಬ್ಯಾರಲ್ ಎಂಬ ಕೊಳವೆಯೊಳಗೆ ಮೇಲೆ ಕೆಳಗೆ ಆಡುತ್ತದೆ. ಪ್ಲಂಜರಿನ ಮೈಮೇಲೆ ಓರೆಯಾಗಿ ಕೊರೆದ ತೋಡೊಂದಿದ್ದು, ಆಕ್ಸಿಲರೇಟರ್ ತುಳಿದಂತೆ ಪ್ಲಂಜರ್ ತುಸು ಹೊರಳಿ, ಆ ತೋಡು ಬ್ಯಾರಲಿನ ತೂತಿಗೆ ಎದುರಾಗುವ ಗಳಿಗೆ ಬದಲಾಗಿ, ಹೆಚ್ಚು ಅಥವಾ ಕಡಿಮೆ ಇಂಧನ ಚಿಮ್ಮುತ್ತದೆ. ಎರಡರ ನಡುವೆ ರಬ್ಬರ್ ವಾಷರ್ ಇಲ್ಲ, ರಿಂಗ್ ಇಲ್ಲ. ಸೋರಿಕೆಯನ್ನು ತಡೆಯುವುದು ಕೆಲವೇ ಮೈಕ್ರಾನಿನ ಸಂದು ಮಾತ್ರ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ, ತಲೆಗೂದಲಿನ ದಪ್ಪವೇ ಅಂಥ ಹಲವು ಹತ್ತು ಮೈಕ್ರಾನ್. ಹೀಗಾಗಿ ಒಂದು ಪ್ಲಂಜರ್ ತನ್ನ ಬ್ಯಾರಲಿಗೆ ಮಾತ್ರ ಕೂರುತ್ತದೆ, ಒಂದು ಹಾಳಾದರೆ ಜೋಡಿಯನ್ನೇ ಬದಲಿಸಬೇಕು. ಇಂಥ ವಸ್ತುವನ್ನು ಸಾವಿರ ಸಂಖ್ಯೆಯಲ್ಲಿ ಮಾಡಲು ಯಂತ್ರ ಬಂದರಷ್ಟೇ ಸಾಲದು, ಅಳೆಯುವ ಕೈಗಳೂ ತಯಾರಾಗಬೇಕು. ಬೆಂಗಳೂರಿಗೆ ಜರ್ಮನಿಯಿಂದ ಬಂದ ದೊಡ್ಡ ಆಸ್ತಿ ಇದೇ.

ಆಡುಗೋಡಿ ನಗರದ ದಕ್ಷಿಣದಲ್ಲಾದರೆ, ವಾಯವ್ಯದ ತುಮಕೂರು ರಸ್ತೆಯ ಸುತ್ತ ಇನ್ನೊಂದು ಸಾಲು ಬೆಳೆಯಿತು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದಲ್ಲಿ ಜಾಲಹಳ್ಳಿಯ ಎಚ್‌ಎಂಟಿ, 1961ರಲ್ಲಿ ಜರ್ಮನಿಯ ಫ್ರಿಟ್ಜ್ ವೆರ್ನರ್ ಸಹಯೋಗದಲ್ಲಿ ಮಿಲ್ಲಿಂಗ್ ಯಂತ್ರಗಳ ಭಾರತ್ ಫ್ರಿಟ್ಜ್ ವೆರ್ನರ್, 1962ರಲ್ಲಿ ಯಂತ್ರೋಪಕರಣಗಳ ಕೇಂದ್ರೀಯ ಸಂಸ್ಥೆ ಸಿಎಂಟಿಐ, 1964ರಲ್ಲಿ ವಿಡಿಯಾ ಇಂಡಿಯಾ. ವಿಡಿಯಾ ಎಂಬುದು 1920ರ ದಶಕದಲ್ಲಿ ಜರ್ಮನಿಯ ಕ್ರುಪ್ ಕಂಪನಿ ಹೊರತಂದ ಕಾರ್ಬೈಡಿನ ಹೆಸರು: ಟಂಗ್‌ಸ್ಟನ್ ಕಾರ್ಬೈಡಿನ ಪುಡಿಯನ್ನು ಕೋಬಾಲ್ಟಿನೊಂದಿಗೆ ಒತ್ತಿ ಕಾಯಿಸಿ ಮಾಡಿದ, ಕತ್ತರಿಸುವ ಉಪಕರಣದ ಈ ತುದಿ, ಗಟ್ಟಿ ಉಕ್ಕನ್ನೂ ಬಿರುಸಾಗಿ ಕತ್ತರಿಸಿ ಮೊನೆ ಉಳಿಸಿಕೊಳ್ಳುತ್ತದೆ. 1970ರ ದಶಕದಲ್ಲಿ ಪೀಣ್ಯದ ವಸಾಹತು ಬೆಳೆದಾಗ ಇಂಥ ಕಾರ್ಖಾನೆಗಳಲ್ಲಿ ಪಳಗಿದ ಅನೇಕರು ಸ್ವಂತ ಶೆಡ್ಡು ಹಾಕಿದರು; ವಸಾಹತಿನ ಬಾಡಿಗೆ ನಿಲುಕದವರಿಗೆ ರಾಜಗೋಪಾಲನಗರ, ಲಗ್ಗೆರೆ, ಹೆಗ್ಗನಹಳ್ಳಿಗಳು ಆಸರೆಯಾದವು. ಒಂದು ಲೇತಿನ ಶೆಡ್ಡಿನಲ್ಲೂ ಮೈಕ್ರೋಮೀಟರನ್ನು ಬಟ್ಟೆ ಹಾಸಿ ಜೋಪಾನವಾಗಿ ಇಡುವ ಅಭ್ಯಾಸ ಬಂದದ್ದು ಈ ಪರಂಪರೆಯಿಂದ, ಮತ್ತು ಅದಕ್ಕೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ.

ಅತ್ತ ಜರ್ಮನಿಯಲ್ಲಿ ಶಕ್ತಿಯ ಬೆನ್ನಟ್ಟುವಿಕೆ ಮುಂದುವರಿಯಿತು. ಹೊಗೆಯ ರಭಸದಿಂದಲೇ ಚಕ್ರ ತಿರುಗಿಸಿ ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೋಚಾರ್ಜರನ್ನು ಹೊತ್ತ 1975ರ ಪೋರ್ಷೆ 911 ಟರ್ಬೋ ಮೂರು ಲೀಟರಿನಲ್ಲೇ 260 ಅಶ್ವಶಕ್ತಿ ಕೊಟ್ಟಿತು. 1986ರ ಪೋರ್ಷೆ 959 ಅದಕ್ಕಿಂತ ಚಿಕ್ಕ ಎಂಜಿನ್ನಿನಿಂದ 450ಕ್ಕೆ ಏರಿತು. 1979ರಲ್ಲಿ ಬಿಎಂಡಬ್ಲ್ಯೂ 732ಐ ಕಾರಿನಲ್ಲಿ ಬಂದ ಬಾಷ್ ಮೋಟ್ರಾನಿಕ್, ಕಿಡಿ ಮತ್ತು ಇಂಧನ ಎರಡನ್ನೂ ಒಂದೇ ಕಂಪ್ಯೂಟರಿಗೆ ಒಪ್ಪಿಸಿತು. ಪ್ಲಂಜರಿನ ಓರೆ ತೋಡಿನ ಕೆಲಸ ಹೀಗೆ ಸಾಫ್ಟ್‌ವೇರಿಗೆ ದಾಟಿದ ಮೇಲೆ ಜರ್ಮನ್ ಕಂಪನಿಗಳು ಮತ್ತೆ ಬೆಂಗಳೂರಿಗೇ ಬಂದವು. 1996ರಲ್ಲಿ ಆರಂಭವಾದ ಮರ್ಸಿಡಿಸ್-ಬೆಂಜ್ ಸಂಶೋಧನಾ ಕೇಂದ್ರ ಇಂದು ವೈಟ್‌ಫೀಲ್ಡ್ ಕಡೆ ಇದೆ.

ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗಕ್ಕೆ ಮೂರು ಸೆಕೆಂಡಿನೊಳಗೆ ಏರುವ ಪೋರ್ಷೆಯ ವಿದ್ಯುತ್ ಕಾರು ಟೈಕಾನ್ ಟರ್ಬೋ ಎಸ್‌ನಲ್ಲಿ ಇಂಧನದ ಪಂಪೂ ಇಲ್ಲ, ಪ್ಲಂಜರೂ ಇಲ್ಲ. ಆದರೂ ಅದರ ಹಿಂದಿನ ಆಕ್ಸಲಿಗೆ ಎರಡು ಗೇರುಗಳಿವೆ, ಶಾಫ್ಟುಗಳಿವೆ, ಬೇರಿಂಗುಗಳು ಕೂರುವ ಬೋರುಗಳಿವೆ, ಅವೆಲ್ಲವನ್ನೂ ಮೈಕ್ರಾನಿನಲ್ಲೇ ಅಳೆಯಬೇಕು. ಡೀಸೆಲ್ ಪಂಪಿನ ಭಾಗಗಳನ್ನೇ ನಂಬಿಕೊಂಡ ಶೆಡ್ಡುಗಳ ಆತಂಕ ಸಣ್ಣದಲ್ಲ, ಆದರೆ ಗ್ರೈಂಡಿಂಗ್ ಬಲ್ಲ ಕೈಗೆ ಗೇರು ಹೊಸತೇನಲ್ಲ.