ರತ್ನಾಜಿಯ ಚೆಂಡೂ ಮಹಾನವಮಿಯ ದಿಬ್ಬವೂ

ಐತಿಹಾಸಿಕ ಆಟವನ್ನು ನೋಡಿ ಬಂದವರ ಮನಸ್ಸಿನಲ್ಲಿ ಕೊನೆಗೆ ಉಳಿಯುವುದು ಯುದ್ಧವಲ್ಲ. ಒಲವು ಮತ್ತು ಹಬ್ಬ. ಹೊಸಪೇಟೆ, ಕಂಪ್ಲಿ, ಸಂಡೂರು ಸೀಮೆಯಲ್ಲಿ ಕುಮಾರರಾಮನ ಬಯಲಾಟವಾದ ಮರುದಿನ ಚಹದಂಗಡಿಯ ಬೆಂಚಿನ ಮೇಲೆ ಕುಳಿತಾಗಲೆಲ್ಲ ನನಗೆ ಇದು ಮನದಟ್ಟಾಗಿದೆ. ದಿಲ್ಲಿಯ ದಂಡಿನ ಸುದ್ದಿ ಎರಡು ಮಾತಿನಲ್ಲಿ ಮುಗಿಯುತ್ತದೆ. ರತ್ನಾಜಿಯ ವಿಚಾರ ಬಂದರೆ ಕೈಯಲ್ಲಿನ ಚಹ ಆರಿಹೋಗುತ್ತದೆ. ತಪ್ಪು ಅವಳದೆಂದು ಒಬ್ಬರು. ವಿಚಾರಿಸದೆ ಮಗನ ತಲೆ ತರಹೇಳಿದ ದೊರೆಯದೆಂದು ಇನ್ನೊಬ್ಬರು.

ಹದಿನಾರನೆಯ ಶತಮಾನದ ನಂಜುಂಡ ಕವಿ ಸಾಂಗತ್ಯದಲ್ಲಿ ಹೇಳಿದ ಕಥೆಯಿದು. ಚೆಂಡು ಅರಮನೆಯೊಳಗೆ ಬೀಳುತ್ತದೆ; ತರಲು ಹೋದ ರಾಮನಿಗೆ ಮಲತಾಯಿ ರತ್ನಾಜಿ ಮನಸೋಲುತ್ತಾಳೆ; ಅವನು ಒಪ್ಪದಾಗ ದೂರು ಹೇಳುತ್ತಾಳೆ. ಮಂತ್ರಿ ಬೈಚಪ್ಪ ಅವನನ್ನು ಬಚ್ಚಿಟ್ಟು ಕಾಪಾಡುತ್ತಾನೆ.

ಚರಿತ್ರೆ ಹೇಳುವುದು ಬೇರೆ. ಮಹಮ್ಮದ್ ಬಿನ್ ತುಘಲಕನ ಸೋದರತ್ತೆಯ ಮಗ ಬಹಾಉದ್ದೀನ್ ಗುರ್ಶಾಸ್ಪನು ದಂಗೆಯೆದ್ದು ಸೋತು, ಕಂಪಿಲರಾಯನ ಮರೆಹೊಕ್ಕ. ನಂಬಿ ಬಂದವನನ್ನು ರಾಯ ಒಪ್ಪಿಸಲಿಲ್ಲ. 1327ರಲ್ಲಿ ರಾಜ್ಯವೇ ಹೋಯಿತು. ಪ್ರವಾಸಿ ಇಬನ್ ಬತೂತ ಬರೆದಿರುವಂತೆ, ರಾಣಿವಾಸದವರೂ ಮಂತ್ರಿಗಳ ಮನೆಯ ಹೆಂಗಸರೂ ಮಿಂದು, ಗಂಧ ಪೂಸಿಕೊಂಡು, ರಾಯನ ಮುಂದೆ ನೆಲಕ್ಕೆ ಮಣಿದು ಬೆಂಕಿಗೆ ಹಾರಿದರು. ರಾಯ ಹೋರಾಡಿ ಮಡಿದ. ಸೆರೆಸಿಕ್ಕ ಹನ್ನೊಂದು ಮಂದಿ ಮಕ್ಕಳಲ್ಲಿ ಮೂವರನ್ನು ಸುಲ್ತಾನನ ಬಳಿ ತಾನೇ ಕಂಡೆನೆಂದೂ ಅವನು ಹೇಳುತ್ತಾನೆ. ಅಲ್ಲಿ ಚೆಂಡೂ ಇಲ್ಲ, ರತ್ನಾಜಿಯೂ ಇಲ್ಲ.

ಹೊಸಪೇಟೆಯ ಹುಟ್ಟಿಗೂ ಇಂಥದೇ ಒಲವಿನ ಕಥೆ ಅಂಟಿಕೊಂಡಿದೆ. ಕೃಷ್ಣದೇವರಾಯನು ತಾನೊಲಿದ ಹೆಣ್ಣಿಗಾಗಿ ಈ ಊರನ್ನು ಕಟ್ಟಿಸಿದನೆಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದ. ಆದರೆ ಊರಿನ ಹಳೆಯ ಹೆಸರು ನಾಗಲಾಪುರ. ರಾಯನ ತಾಯಿಯ ಹೆಸರೂ ನಾಗಲಾದೇವಿ! ತಾಯಿಯೋ ಪ್ರೇಯಸಿಯೋ ಎಂಬ ಚರ್ಚೆಯಲ್ಲಿ ಕೇಳುವವರು ಹೆಚ್ಚಾಗಿ ಪ್ರೇಯಸಿಯ ಪಕ್ಷ.

ಹಬ್ಬದ ವಿಷಯದಲ್ಲಿ ಮಾತ್ರ ನೋಡುಗರ ಆಸೆಗೆ ಚರಿತ್ರೆಯೇ ಕೈಕೊಡದೆ ನಿಂತಿದೆ. 1520ರ ಸುಮಾರಿಗೆ ಹಂಪಿಗೆ ಬಂದ ಪಾಯೆಸ್ ಕಂಡ ಮಹಾನವಮಿಯಲ್ಲಿ ಒಂಬತ್ತು ದಿನ ಪೂಜೆ, ಕುಸ್ತಿ, ಕುಣಿತ, ಬಾಣಬಿರುಸು. ಆನೆ ಕುದುರೆಗಳ ಸಾಲು. ಒಡವೆಯ ಭಾರಕ್ಕೆ ನಡೆಯಲಾರದ ಅಂತಃಪುರದ ಹೆಂಗಸರು. ಯಾವ ರಂಗಸಜ್ಜಿಕೆಯೂ ಇದಕ್ಕೆ ಸಾಟಿಯಾಗಲಾರದು. ಹಜಾರರಾಮ ದೇವಾಲಯದ ಹೊರಗೋಡೆಯಲ್ಲಿ ಆ ಮೆರವಣಿಗೆ ಇಂದಿಗೂ ಕಲ್ಲಾಗಿ ಸಾಗಿದೆ.

ಹಾಗೆಂದು ರತ್ನಾಜಿಯನ್ನು ಆಟದಿಂದ ಹೊರಹಾಕಬೇಕೆಂದು ನಾನು ಹೇಳಲಾರೆ. ಅವಳಿಲ್ಲದಿದ್ದರೆ ಕುಮಾರರಾಮನ ಹೆಸರು ಜನರ ನಾಲಗೆಯ ಮೇಲೆ ಇಷ್ಟು ಕಾಲ ಉಳಿಯುತ್ತಿತ್ತೇ? ನನ್ನ ಅಳಲು ಬೇರೆ. ಒಬ್ಬ ಕಥೆಯ ಹೆಣ್ಣಿನ ತಪ್ಪು ಒಪ್ಪುಗಳನ್ನು ಊರೂರೇ ತೂಗುತ್ತದೆ. ನಿಜವಾಗಿ ಬೆಂಕಿಗೆ ಬಿದ್ದ ಹೆಂಗಸರಲ್ಲಿ ಒಬ್ಬಳ ಹೆಸರನ್ನೂ ಆ ಪ್ರವಾಸಿ ಬರೆದಿಡಲಿಲ್ಲ. ಬೆಳಗಾಗುವ ಮುನ್ನ, ಮಂಗಳಾರತಿಗೆ ಮೊದಲು, ಭಾಗವತರು ಅವರಿಗಾಗಿ ಒಂದು ಮಾತು ಹೇಳಿದರೆ ಆಟಕ್ಕೇನೂ ಕುಂದಾಗದು.