ಕಲಬುರಗಿಯ ಕೈಯಾಳು: ತಘಲಚೀನನ ಕ್ರೌರ್ಯವೂ ಚರಿತ್ರಕಾರರ ನ್ಯಾಯವೂ

ಕಲಬುರಗಿಗೆ ಸಮೀಪದಲ್ಲಿರುವ ತಾಜಸುಲ್ತಾನಪುರದ ಹೆಸರಿನಲ್ಲಿ ಕಿರೀಟವೂ ಸುಲ್ತಾನನೂ ಒಟ್ಟಿಗೆ ಸೇರಿರುವುದನ್ನು ವಾಚಕರು ಗಮನಿಸಿರಬಹುದು. 1397ರಲ್ಲಿ ಕಲಬುರಗಿಯ ಸಿಂಹಾಸನವನ್ನೇರಿದ ಫಿರೋಜಶಾಹ ಬಹಮನಿಗೆ ತಾಜುದ್ದೀನನೆಂಬ ಬಿರುದಿದ್ದುದನ್ನು ಬಲ್ಲವರಿಗೆ ಊರಿನ ಹೆಸರನ್ನೂ ಅರಸನ ಬಿರುದನ್ನೂ ಕೂಡಿಸುವ ಆಸೆ ಹುಟ್ಟುವುದು ಸಹಜವೇ. ಆದರೆ ಬರಿಯ ನಾಮಸಾದೃಶ್ಯವನ್ನು ನಂಬಿ ಇತಿಹಾಸವನ್ನು ಕಟ್ಟಲಾಗದು. ಅದು ಈ ಲೇಖನದ ಉದ್ದೇಶವೂ ಅಲ್ಲ. ಆ ಕಿರೀಟವು ಫಿರೋಜನ ತಲೆಗೆ ಬಂದ ಬಗೆ ಎಂತಹುದು, ಅದಕ್ಕಾಗಿ ಯಾರ ಕೈಗಳು ರಕ್ತದಲ್ಲಿ ತೊಯ್ದವು, ಆ ಕೈಗಳಲ್ಲಿ ಯಾವುದನ್ನು ಮಾತ್ರ ಚರಿತ್ರೆಯು ಕ್ರೂರವೆಂದು ಕರೆಯಿತು ಎಂಬುದನ್ನು ವಿಚಾರಿಸುವುದಕ್ಕೆ ಊರಿನ ಹೆಸರು ಒಂದು ನೆವವಾದರೆ ಸಾಕು.

ಕ್ರೂರಿಯಾದ ಕೈಯಾಳು ಎಲ್ಲ ದೇಶಗಳ ಕಥೆಗಳಲ್ಲಿಯೂ ಬರುವ ಪಾತ್ರವು. ಒಡೆಯನಿಗೆ ಆಸೆಯಿರುವುದು, ಕೈಯಾಳಿಗೆ ಆಯುಧವಿರುವುದು. ದ್ಯೂತಸಭೆಗೆ ದ್ರೌಪದಿಯನ್ನು ಕರೆತರಲು ದುರ್ಯೋಧನನು ಮೊದಲು ಕಳುಹಿಸಿದುದು ಪ್ರಾತಿಕಾಮಿಯನ್ನು. ಅವನು ಹೋದನು, ಅವಳ ಪ್ರಶ್ನೆಯನ್ನು ಹೊತ್ತು ಹಿಂದಿರುಗಿದನು, ಮತ್ತೆ ಹೋಗಲು ಅಂಜಿದನು. ಆಗ ದುಶ್ಶಾಸನನಿಗೆ ಅಪ್ಪಣೆಯಾಯಿತು. ಕೆಲಸವು ಒಂದೇ, ಒಂದು ಕೈ ನಡುಗಿತು, ಇನ್ನೊಂದು ನಡುಗಲಿಲ್ಲ. ಆದರೂ ರನ್ನನ ಗದಾಯುದ್ಧಕ್ಕೆ ಬರುವ ಹೊತ್ತಿಗೆ ಅಪ್ಪಣೆ ಕೊಟ್ಟವನು ಅಭಿಮಾನಧನನಾದ ನಾಯಕನಾಗಿರುವನು. ಅಪ್ಪಣೆಯನ್ನು ನಡೆಸಿದವನು ಅಣ್ಣನ ಶೋಕಕ್ಕೆ ಆಲಂಬನವಾದ ಹೆಣವಾಗಿ ಉಳಿದಿರುವನು.

ಅಮೆರಿಕದ ಪಶ್ಚಿಮಸೀಮೆಯನ್ನು ಕುರಿತ ಚಲಚ್ಚಿತ್ರಗಳಲ್ಲಿಯೂ ಇದೇ ಏರ್ಪಾಡು ಕಂಡುಬರುತ್ತದೆ. ಜಾರ್ಜ್ ಸ್ಟೀವನ್ಸ್ ನಿರ್ದೇಶಿಸಿದ, 1953ರಲ್ಲಿ ಹೊರಬಂದ 'ಶೇನ್' ಎಂಬ ಪ್ರಸಿದ್ಧ ಚಿತ್ರದಲ್ಲಿ ರೈಕರ್ ಎಂಬ ದನಗಳ ಸಾಹುಕಾರನು ಬಡ ಒಕ್ಕಲಿಗರನ್ನು ನೆಲದಿಂದ ಎಬ್ಬಿಸುವುದಕ್ಕಾಗಿ ಜ್ಯಾಕ್ ವಿಲ್ಸನ್ ಎಂಬ ಬಾಡಿಗೆಯ ಕೊಲೆಗಾರನನ್ನು ಕರೆಸುವನು. ವಿಲ್ಸನ್ ಟೋರಿ ಎಂಬ ಒಕ್ಕಲಿಗನನ್ನು ಮಾತಿನಿಂದ ಕೆಣಕಿ, ಅವನ ಕೈ ಪಿಸ್ತೂಲಿಗೆ ಹೋಗುವಂತೆ ಮಾಡಿ, ಕೆಸರಿನಲ್ಲಿ ಕೆಡಹುವನು. ಎದುರಾಳಿಯೇ ಮೊದಲು ಆಯುಧಕ್ಕೆ ಕೈಹಾಕಿದನೆಂಬ ನೆಪವಿರುವುದರಿಂದ ಕೊಲೆಯು ದ್ವಂದ್ವಯುದ್ಧದ ವೇಷವನ್ನು ಧರಿಸುತ್ತದೆ. ನಮಗೆ ಮುಖ್ಯವಾದುದು ಮತ್ತೊಂದು ಅಂಶ. ತಾನು ಎಷ್ಟು ಕಷ್ಟಪಟ್ಟು ಆ ಸೀಮೆಯನ್ನು ನೆಲೆಗೊಳಿಸಿದೆನೆಂದು ಹೇಳಿಕೊಳ್ಳುವ ಅವಕಾಶವನ್ನು ಚಿತ್ರವು ರೈಕರನಿಗೆ ಕೊಟ್ಟಿದೆ. ವಿಲ್ಸನ್ನನಿಗೆ ಅಂತಹ ಮಾತಿಲ್ಲ, ಊರಿಲ್ಲ, ಪೂರ್ವೋತ್ತರವಿಲ್ಲ. ಕಪ್ಪು ಕೈಗವಸು ಮಾತ್ರ ಉಂಟು. ಒಡೆಯನಿಗೆ ಕಾರಣವನ್ನೂ ಕೈಯಾಳಿಗೆ ಕ್ರೌರ್ಯವನ್ನೂ ಹಂಚಿಕೊಡುವ ಈ ಪದ್ಧತಿಯು ಕಟ್ಟುಕಥೆಗೆ ಒಪ್ಪಬಹುದು. ಇತಿಹಾಸವೂ ಇದನ್ನೇ ಅನುಸರಿಸಿದರೆ ಏನಾಗುವುದೆಂಬುದಕ್ಕೆ ಕಲಬುರಗಿಯ 1397ನೆಯ ವರ್ಷವೇ ನಿದರ್ಶನವು.

ಆ ವರ್ಷದ ವೃತ್ತಾಂತವು ನಮಗೆ ಮುಖ್ಯವಾಗಿ ಎರಡು ಪಾರಸಿ ಗ್ರಂಥಗಳಿಂದ ತಿಳಿಯಬರುತ್ತದೆ. ಒಂದು, ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿದ್ದ ಫರಿಷ್ತನ ಗ್ರಂಥವು. ಇನ್ನೊಂದು, ಅಹಮದನಗರದ ಆಸ್ಥಾನದಲ್ಲಿದ್ದ ಸಯ್ಯದ ಅಲಿ ತಬಾತಬಾ ಎಂಬವನ ಬುರ್ಹಾನ್-ಇ-ಮಆಸಿರ್. ಇವೆರಡೂ ಘಟನೆಗಳಾಗಿ ಸುಮಾರು 200 ವರ್ಷಗಳು ಕಳೆದ ಮೇಲೆ ಹುಟ್ಟಿದವು. ಫರಿಷ್ತನು ಎಲ್ಲೆಡೆಯೂ ವಿಶ್ವಾಸಾರ್ಹನಲ್ಲವೆಂಬುದು ವಿದ್ವಾಂಸರಿಗೆ ವಿದಿತವೇ. 1378ರಿಂದ 1397ರವರೆಗೆ ಆಳಿದ ಸುಲ್ತಾನನನ್ನು ಅವನು ಮಹಮೂದನೆಂದು ಕರೆದಿರುವನು. ಆ ಅರಸನ ಹೆಸರು ಮುಹಮ್ಮದನೆಂದು ನಾಣ್ಯಗಳು ಸಾರುತ್ತವೆ. ಅರಸನ ಹೆಸರಿನಲ್ಲಿಯೇ ಎಡವಿದವನು ಗುಲಾಮನ ಮನಸ್ಸನ್ನು ಬಣ್ಣಿಸುವಾಗ ನಾವು ಎಚ್ಚರದಿಂದ ಓದಬೇಕಾದುದು ಯುಕ್ತವಾಗಿದೆ.

ಫರಿಷ್ತನ ಕಥನದ ಸಾರಾಂಶವು ಹೀಗಿದೆ. 1397ರ ಏಪ್ರಿಲಿನಲ್ಲಿ ಎರಡನೆಯ ಮುಹಮ್ಮದಶಾಹನು ತೀರಿಕೊಳ್ಳಲು ಅವನ ಮಗ ಗಿಯಾಸುದ್ದೀನನು ಪಟ್ಟಕ್ಕೆ ಬಂದನು. ಆಗ ಅವನಿಗೆ 17 ವರ್ಷ. ತಂದೆಯ ಕಾಲದಿಂದಲೂ ಅರಮನೆಯಲ್ಲಿ ಪ್ರಬಲನಾಗಿದ್ದ ತಘಲಚೀನನೆಂಬ ತುರ್ಕಿ ಗುಲಾಮನು ಉನ್ನತವಾದ ಅಧಿಕಾರಸ್ಥಾನವನ್ನು ಬಯಸಿದನು. ಕುಲೀನರ ಮೇಲೆ ಗುಲಾಮರನ್ನು ನೇಮಿಸುವುದು ತಕ್ಕುದಲ್ಲವೆಂದು ತರುಣ ಅರಸನು ಬಹಿರಂಗವಾಗಿ ಆಡಿದನು. ತಘಲಚೀನನು ಸೇಡನ್ನು ಮನಸ್ಸಿನಲ್ಲಿಟ್ಟುಕೊಂಡು ಸಮಯ ಕಾಯ್ದನು. ಅವನಿಗೆ ರೂಪವತಿಯೂ ಸಂಗೀತದಲ್ಲಿ ನಿಪುಣೆಯೂ ಆದ ಮಗಳಿದ್ದಳು. ಅರಸನಿಗೆ ಅವಳಲ್ಲಿ ಮನಸ್ಸಿದ್ದಿತು. ಗುಲಾಮನು ಅರಸನನ್ನು ತನ್ನ ಮನೆಗೆ ಔತಣಕ್ಕೆ ಕರೆದು, ಪರಿವಾರದವರನ್ನು ಹೊರಗೆ ಕಳುಹಿಸುವಂತೆ ಮಾಡಿ, ಕಠಾರಿಯಿಂದ ಅವನ ಕಣ್ಣುಗಳನ್ನು ಕೀಳಿಸಿದನು. ಅರಸನ ಕಡೆಯ ಸರದಾರರನ್ನು ಅರಸನೇ ಕರೆಯುತ್ತಿರುವನೆಂಬ ನೆಪದಿಂದ ಒಬ್ಬೊಬ್ಬರಾಗಿ ಒಳಕ್ಕೆ ಬರಮಾಡಿ ಕೊಲ್ಲಿಸಿದನು; ಹೀಗೆ ಹತರಾದವರು 24 ಮಂದಿಯೆಂದು ಹೇಳಿದೆ. ಬಳಿಕ ಕುರುಡನಾದ ಅರಸನನ್ನು ಸಗರದ ಕೋಟೆಗೆ ಕಳುಹಿಸಿ, ಜೂನ್ ತಿಂಗಳಲ್ಲಿ ಅವನ ಮಲತಮ್ಮನಾದ ಶಂಸುದ್ದೀನನನ್ನು ಗದ್ದುಗೆಯಲ್ಲಿ ಕುಳ್ಳಿರಿಸಿ, ಅಧಿಕಾರವನ್ನು ತಾನೇ ನಡೆಸಿದನು.

ಫಿರೋಜಖಾನ ಮತ್ತು ಅಹಮದಖಾನರೆಂಬ ಇಬ್ಬರು ಅಣ್ಣತಮ್ಮಂದಿರು ಗಿಯಾಸುದ್ದೀನನ ಸೋದರಿಯರನ್ನು ಮದುವೆಯಾಗಿದ್ದರು. ಪತ್ನಿಯರ ಪ್ರೇರಣೆಯಿಂದ ಅವರು ಸೇಡಿಗೆ ಸಿದ್ಧರಾದರು. ಅದು ಬಯಲಾಗಲು ಸಗರಕ್ಕೆ ಓಡಿದರು. ಅಲ್ಲಿಯ ಕೋಟೆಯ ಅಧಿಕಾರಿಯಾದ ಸಿದ್ಧು ಅವರಿಗೆ ಬೆಂಬಲವಾದನು. ಮೊದಲ ಯುದ್ಧದಲ್ಲಿ ಸೋತು, ತರುವಾಯ ಕ್ಷಮೆ ಬೇಡುವವರಂತೆ ರಾಜಧಾನಿಗೆ ಹಿಂದಿರುಗಿ, ಒಂದು ದಿನ ತಮ್ಮವರೊಡನೆ ದರಬಾರನ್ನು ಹೊಕ್ಕು, ಶಂಸುದ್ದೀನನನ್ನೂ ತಘಲಚೀನನನ್ನೂ ಸೆರೆಹಿಡಿದರು. 1397ರ ನವೆಂಬರಿನಲ್ಲಿ ಫಿರೋಜನು ಪಟ್ಟವೇರಿದನು. ಗಿಯಾಸುದ್ದೀನನನ್ನು ಸಗರದಿಂದ ಕರೆತಂದು ಅವನ ಕೈಗೆ ಕತ್ತಿಯನ್ನು ಕೊಟ್ಟು ಎದುರಿಗೆ ತಘಲಚೀನನನ್ನು ನಿಲ್ಲಿಸಲಾಯಿತು. ಕುರುಡನು ಒಂದೇ ಏಟಿಗೆ ಅವನನ್ನು ಕೊಂದನು.

ಇಲ್ಲಿಗೆ ಕಥೆಯು ಮುಗಿದಂತೆ ತೋರುವುದು. ಕ್ರೂರನಾದ ಕೈಯಾಳಿಗೆ ಅವನು ನೋಯಿಸಿದವನ ಕೈಯಿಂದಲೇ ಶಿಕ್ಷೆಯಾಯಿತು. ಓದುಗನು ಸಮಾಧಾನದ ಉಸಿರು ಬಿಡುವನು. ಆದರೆ ಅದೇ ಕಥನದಲ್ಲಿ ಇನ್ನೊಂದು ಸಣ್ಣ ವಾಕ್ಯವುಂಟು. ಪಟ್ಟದಿಂದಿಳಿದ ಶಂಸುದ್ದೀನನ ಕಣ್ಣುಗಳನ್ನೂ ಕೀಳಿಸಲಾಯಿತು! ಈ ಹುಡುಗನು ಯಾರನ್ನೂ ಕುರುಡುಗೊಳಿಸಿದವನಲ್ಲ. ಗದ್ದುಗೆಯ ಮೇಲೆ ಕುಳಿತುಕೊಳ್ಳೆಂದಾಗ ಕುಳಿತವನು. ಜೂನಿನಲ್ಲಿ ನಡೆದುದು ನವೆಂಬರಿನಲ್ಲಿ ಮರಳಿ ನಡೆಯಿತು. ಮೊದಲನೆಯದಕ್ಕೆ ಔತಣ, ಕಠಾರಿ, ಮಗಳ ರೂಪ ಎಂಬ ವಿಸ್ತಾರವಾದ ವರ್ಣನೆ. ಎರಡನೆಯದಕ್ಕೆ ಒಂದು ವಾಕ್ಯ. ಮೊದಲನೆಯದನ್ನು ಮಾಡಿದವನ ಹೆಸರು ದ್ರೋಹಕ್ಕೆ ಪರ್ಯಾಯವಾಯಿತು. ಎರಡನೆಯದು ಯಾರ ಆಳ್ವಿಕೆಯಲ್ಲಿ ನಡೆಯಿತೋ ಆತನು ಬಹುಭಾಷಾವಿದನೂ ವಿದ್ಯಾಪಕ್ಷಪಾತಿಯೂ ಆದ ದೊಡ್ಡ ಸುಲ್ತಾನನೆಂದು ಕೊಂಡಾಡಲ್ಪಟ್ಟನು. ಫಿರೋಜನು ನಿಜವಾಗಿಯೂ ಹಾಗಿದ್ದನೆಂಬುದರಲ್ಲಿ ವಿವಾದವಿಲ್ಲ. ಭೀಮಾತೀರದ ಫಿರೋಜಾಬಾದವೂ ಕಲಬುರಗಿಯ ಹಫ್ತ್ ಗುಂಬಜಿನಲ್ಲಿರುವ ಅವನ ಜೋಡು ಸಮಾಧಿಮಂದಿರವೂ ಅವನ ವೈಭವಕ್ಕೆ ಸಾಕ್ಷಿಗಳಾಗಿವೆ. ಪ್ರಶ್ನೆಯು ಅವನ ಗುಣಗಳನ್ನು ಕುರಿತುದಲ್ಲ. ಶಂಸುದ್ದೀನನ ಕಣ್ಣಿಗೆ ಕಬ್ಬಿಣವನ್ನು ಹಿಡಿದವನ ಹೆಸರನ್ನೂ ಚರಿತ್ರೆಯು ಉಳಿಸಲಿಲ್ಲವೇಕೆ ಎಂಬುದನ್ನು ಕುರಿತುದು.

ಇದು ಆಕಸ್ಮಿಕವಲ್ಲವೆಂಬುದಕ್ಕೆ ಹಿಂದಿನ ಪ್ರಕರಣವನ್ನೂ ನೋಡಬಹುದು. 1378ರಲ್ಲಿ ದಾವೂದನು ತನ್ನ ಬಂಧುವಾದ ಮುಜಾಹಿದಶಾಹನನ್ನು ಶಿಬಿರದಲ್ಲಿ ಕೊಂದು ಅರಸನಾದನು. ತಿಂಗಳೊಪ್ಪತ್ತಿನಲ್ಲಿಯೇ ಅವನು ಮಸೀದಿಯಲ್ಲಿ ಪ್ರಾರ್ಥನೆಯಲ್ಲಿದ್ದಾಗ ಬಾಕಾ ಎಂಬವನಿಂದ ಹತನಾದನು. ಬಾಕಾನನ್ನು ಪ್ರೇರಿಸಿದವಳು ಮುಜಾಹಿದನ ಸೋದರಿ ರೂಹ್ ಪರ್ವರ್ ಆಗಾ. ಕೊಲೆಗಾರನನ್ನು ಅಲ್ಲಿಯೇ ಕಡಿದು ಹಾಕಿದರು. ಪ್ರೇರಿಸಿದವಳು ದಾವೂದನ ಎಳೆಯ ಮಗ ಸಂಜರನ ಕಣ್ಣುಗಳನ್ನು ಕೀಳಿಸಿ, ತನಗೆ ಒಪ್ಪಿದ ಮುಹಮ್ಮದನನ್ನು ಪಟ್ಟಕ್ಕೆ ತಂದಳು. ಆ ಅರಸನ 19 ವರ್ಷಗಳ ಆಳ್ವಿಕೆಯು ಶಾಂತವಾದುದೆಂದು ಎಲ್ಲರೂ ಹೊಗಳುವರು. ಬಾಕಾನು ಯಾರ ಮಗ, ಏಕೆ ಒಪ್ಪಿದನು, ಅವನಿಗೆ ಏನನ್ನು ಕೊಡುವುದಾಗಿ ಹೇಳಿದ್ದರು ಎಂಬ ಮಾತುಗಳಿಗೆ ಕಥನದಲ್ಲಿ ಎಡೆಯಿಲ್ಲ. ಹೀಗೆ 1378ರಿಂದ 1397ರೊಳಗೆ ಕಲಬುರಗಿಯ ರಾಜಕುಲದಲ್ಲಿ ಮೂವರು ಕುರುಡರಾದರು. ಅವುಗಳಲ್ಲಿ ಗುಲಾಮನು ತನ್ನ ಸೇಡಿಗಾಗಿ ಮಾಡಿದ ಒಂದೇ ಕೃತ್ಯವು ಕ್ರೌರ್ಯವೆಂದು ನೆನಪಿನಲ್ಲಿ ನಿಂತಿತು, ಮಿಕ್ಕೆರಡು ರಾಜಕಾರಣವೆನಿಸಿದವು.

ಕಣ್ಣು ಕೀಳಿಸುವುದು ಆ ಕಾಲದಲ್ಲಿ ಒಂದು ದೇಶದ ಅಥವಾ ಒಂದು ಮತದ ಪದ್ಧತಿಯಾಗಿರಲಿಲ್ಲ. ಕುರುಡನು ಆಳಲಾರನೆಂಬ ಭಾವನೆಯಿದ್ದೆಡೆಯಲ್ಲೆಲ್ಲ ಪ್ರತಿಸ್ಪರ್ಧಿಯ ಪ್ರಾಣವನ್ನುಳಿಸಿ ಹಕ್ಕನ್ನು ಕಳೆಯುವ ಉಪಾಯವಾಗಿ ಅದು ನಡೆಯುತ್ತಿತ್ತು. ಕ್ರಿಸ್ತೀಯ ಬೈಜಾಂಟಿಯಮ್ಮಿನಲ್ಲಿ 797ರಲ್ಲಿ ಐರೀನ್ ರಾಣಿಯು ತನ್ನ ಹೊಟ್ಟೆಯ ಮಗನಾದ ಆರನೆಯ ಕಾನ್‌ಸ್ಟಂಟೈನನ ಕಣ್ಣುಗಳನ್ನೇ ಕೀಳಿಸಿ ತಾನೇ ಆಳಿದಳು. ಆದುದರಿಂದ ತಘಲಚೀನನ ಕೃತ್ಯವನ್ನು ಅವನ ಕುಲಕ್ಕಾಗಲಿ ಮತಕ್ಕಾಗಲಿ ಅಂಟಿಸುವುದು ಅವಿಚಾರವಾದೀತು. ಫರಿಷ್ತನ ಕಥನವೇ ಇದನ್ನು ಅಲ್ಲಗಳೆಯುತ್ತದೆ: ಫಿರೋಜನಿಗೆ ಆಶ್ರಯವಿತ್ತ ಸಗರದ ಸಿದ್ಧುವೂ ರಾಜಮನೆತನದ ಗುಲಾಮನೇ. ಒಬ್ಬನು ದ್ರೋಹಕ್ಕೆ ಮಾದರಿಯಾದನು, ಇನ್ನೊಬ್ಬನು ಸ್ವಾಮಿನಿಷ್ಠೆಗೆ. ಇಬ್ಬರ ಹುಟ್ಟು ಒಂದೇ. ಗೆದ್ದ ಪಕ್ಷದಲ್ಲಿ ಯಾರಿದ್ದರೆಂಬುದೇ ಭೇದ.

ಇಲ್ಲಿ ಫರಿಷ್ತನ ಸನ್ನಿವೇಶವನ್ನೂ ನೆನೆಯಬೇಕು. ಅವನ ಆಶ್ರಯದಾತನ ವಂಶದ ಮೂಲಪುರುಷನಾದ ಯೂಸುಫ್ ಆದಿಲಖಾನನು ಬಹಮನಿ ಆಸ್ಥಾನಕ್ಕೆ ಗುಲಾಮನಾಗಿಯೇ ಮಾರಲ್ಪಟ್ಟು ಬಂದವನೆಂದು ಫರಿಷ್ತನೇ ಹೇಳಿರುವನು. ಆದರೆ ಆತನು ನಿಜದಲ್ಲಿ ಉಸ್ಮಾನಿ ತುರ್ಕರ ರಾಜಕುಮಾರನೆಂದು ವಿವರಿಸಿರುವನು. ರಾಜ್ಯವನ್ನು ಕಟ್ಟಿದ ಗುಲಾಮನಿಗೆ ರಾಜವಂಶವು ದೊರೆಯಿತು. ರಾಜ್ಯವನ್ನು ಕಳೆದುಕೊಂಡ ಗುಲಾಮನು ಗುಲಾಮನಾಗಿಯೇ ಉಳಿದನು.

ಇದರಿಂದ ನಾವು ತಘಲಚೀನನನ್ನು ನಿರಪರಾಧಿಯೆಂದು ಸಾಧಿಸಹೊರಟಿಲ್ಲ. 17 ವರ್ಷದ ಹುಡುಗನನ್ನು ಊಟಕ್ಕೆ ಕರೆದು ಕುರುಡುಗೊಳಿಸಿದವನಿಗೆ ವಕಾಲತ್ತು ಬೇಕಾಗಿಲ್ಲ. ಕಟ್ಟುನಿಟ್ಟಾಗಿ ಹೇಳಿದರೆ ಅವನು ಬರಿಯ ಕೈಯಾಳೂ ಅಲ್ಲ. ಒಡೆಯನನ್ನು ಕೆಡಹಿ ತನಗೆ ಬೇಕಾದ ಒಡೆಯನನ್ನು ಮಾಡಿಕೊಂಡ ಆಳು. ನಾವು ಹೇಳತಕ್ಕುದು ಇಷ್ಟೇ: ಕ್ರೌರ್ಯವನ್ನೆಲ್ಲ ಒಬ್ಬ ಆಳಿನ ಮೇಲೆ ಹೊರಿಸಿದ ಕಥೆಯನ್ನು ಓದಿದಾಗ ಆ ಹೊರೆಯು ಯಾರ ಹೆಗಲಿನಿಂದ ಇಳಿಯಿತೆಂದು ಕೇಳಬೇಕು. ತಘಲಚೀನನು ಎಷ್ಟೆಷ್ಟು ಘೋರನಾಗಿ ಕಂಡನೋ ಫಿರೋಜನ ಪಟ್ಟಾಭಿಷೇಕವು ಅಷ್ಟಷ್ಟು ಧರ್ಮಸಮ್ಮತವಾಗಿ ಕಂಡಿತು. ಕುರುಡನಿಗೆ ನ್ಯಾಯ ದೊರೆಯಿತೆಂದು ಕಥೆಯು ಹೇಳುವುದು. ಆದರೆ ಕತ್ತಿಯನ್ನು ಅವನ ಕೈಗೆ ಕೊಟ್ಟವರು ಸಿಂಹಾಸನವನ್ನು ಕೊಡಲಿಲ್ಲ.

ತರಗತಿಗಳಲ್ಲಿ ಈ ಕಾಲವನ್ನು ಪಾಠಹೇಳುವ ಉಪಾಧ್ಯಾಯರು ತಘಲಚೀನನ ಕಥೆಯನ್ನು ಬಿಡಬೇಕಾಗಿಲ್ಲ; ವಿದ್ಯಾರ್ಥಿಗಳು ಅದನ್ನು ಕುತೂಹಲದಿಂದಲೇ ಕೇಳುವರು. ಆದರೆ ಜೂನಿನ ಔತಣವನ್ನು ಬಣ್ಣಿಸಿದ ಮೇಲೆ ನವೆಂಬರಿನ ಆ ಒಂದು ವಾಕ್ಯವನ್ನೂ ತಪ್ಪದೆ ಓದಿ, ಶಂಸುದ್ದೀನನನ್ನು ಕುರುಡುಗೊಳಿಸಿದವರು ಯಾರೆಂದು ಕೇಳಲಿ. ಗ್ರಂಥದಲ್ಲಿ ಉತ್ತರವಿಲ್ಲದ ಆ ಪ್ರಶ್ನೆಯಿಂದಲೇ ಇತಿಹಾಸದ ಪಾಠವು ಮೊದಲಾಗುವುದೆಂದು ನಮ್ಮ ನಂಬಿಕೆಯು.